ತಗಡು ಹೊಡೆದ ಮರಗಳು ಮತ್ತು ಹೀರಪ್ಪನ ಕಳ್ಳತನ

ಅರಣ್ಯ ಜೈವಿಕ ಉದ್ಯಮ ಸಹಭಾಗಿತ್ವ ಯೋಜನೆಯ ನಿರ್ದೇಶಕರಿಗೆ ದಾಂಡೇಲಿಯಿಂದ ಒಂದು ಬಹಿರಂಗ ಪತ್ರ

ಮಾನ್ಯರೇ,

ಹೀರಪ್ಪ ಕಳ್ಳನಲ್ಲ. ಈ ಮಾತನ್ನು ನಿಮ್ಮ ಕಚೇರಿಗೆ ಬಂದು ನಿಂತುಕೊಂಡೇ ಹೇಳಿದ್ದೆ, ಏಕೆಂದರೆ ಕೂತುಕೊಳ್ಳಿ ಎಂದು ನೀವು ಹೇಳಲಿಲ್ಲ. ಆಮೇಲೆ ಅರ್ಜಿಯಲ್ಲಿ ಬರೆದು ಹೇಳಿದೆ. ಅರ್ಜಿ ತಲುಪಿದ್ದಕ್ಕೆ ಸೀಲು ಬಿತ್ತು, ಉತ್ತರ ಬರಲಿಲ್ಲ. ಈಗ ಪತ್ರಿಕೆಯಲ್ಲಿ ನಾಲ್ಕು ಜನರ ಮುಂದೆ ಹೇಳುತ್ತಿದ್ದೇನೆ. ನಿಮ್ಮ ಕಚೇರಿ ಕೊಟ್ಟ ದೂರಿನ ಮೇಲೆ ಹೀರಪ್ಪ ಅರಣ್ಯ ಉತ್ಪನ್ನ ಕದ್ದ ಆರೋಪ ಹೊತ್ತು ಕಳೆದ ವರ್ಷದಿಂದ ಹಳಿಯಾಳದ ಕೋರ್ಟಿಗೆ ಅಲೆಯುತ್ತಿದ್ದಾನೆ. ಅವನು ಕದ್ದನೆನ್ನುವ ಮಾಲು ಎರಡು ಬುಟ್ಟಿ ಉಪ್ಪಾಗೆ ಹಣ್ಣು. ಅದನ್ನು ಕೊಯ್ದ ಮರ ಅವನ ಅಪ್ಪನ ಕಾಲದಿಂದ ಅವನ ಮನೆಯವರೇ ಹರಿಯುತ್ತ ಬಂದ ಮರ. ಆ ದೂರನ್ನು ನೀವು ಹಿಂದಕ್ಕೆ ಪಡೆಯಬೇಕು. ಕೇಳಿಕೆ ಇಷ್ಟೇ. ಇಷ್ಟಕ್ಕೆ ಇಷ್ಟುದ್ದದ ಪತ್ರವೇಕೆ ಎಂದರೆ, ಆ ದೂರು ಸುಳ್ಳು ಎನ್ನುವುದು ದೂರು ಕೊಡುವ ಮೊದಲೇ ನಿಮಗೆ ಗೊತ್ತಿತ್ತು. ಅದು ಹೇಗೆ ಗೊತ್ತಿತ್ತು ಎಂಬುದು ಊರಿಗೂ ಗೊತ್ತಾಗಲಿ.

ನನ್ನ ಪರಿಚಯ ನಿಮಗೆ ಮರೆತಿರಬಹುದು. ಯೋಜನೆಯ ಮೊದಲ ವರ್ಷ ನೀವೇ ನನ್ನ ಕೊರಳಿಗೆ ಹಾರ ಹಾಕಿದ್ದಿರಿ. ಧಾರವಾಡದ ಕಡೆಯಿಂದ ಕೂಲಿಗೆ ಬಂದ ಅಪ್ಪನ ಮಗ ನಾನು, ಇಲ್ಲಿಯ ಕಾಗದ ಕಾರ್ಖಾನೆಯಲ್ಲಿ ಬಾಯ್ಲರ್ ಫಿಟರ್ ಆಗಿ ನಿವೃತ್ತನಾದವನು. ಕಾಡಿನ ವಿಷಯದಲ್ಲಿ ನಾನು ಯಾವ ಪಂಡಿತನೂ ಅಲ್ಲ. ಕಾಡು ಎಂದರೆ ನನಗೆ ಬಹಳ ಕಾಲ ಗೇಟಿನೊಳಗೆ ಬರುವ ಬಿದಿರಿನ ಲಾರಿ ಆಗಿತ್ತು. ನಿವೃತ್ತಿಯ ಮೇಲೆ ಸುಮ್ಮನೆ ಮನೆಯಲ್ಲಿರಬಹುದಿತ್ತು. ನಿಮ್ಮ ಯೋಜನೆಯವರು ಬಂದು, ಉಪ್ಪಾಗೆ ಒಣಗಿಸುವುದಕ್ಕೆ ಕಟ್ಟಿಗೆ ಕಡಿಮೆ ತಿನ್ನುವ ಒಂದು ಒಲೆ ಬೇಕು, ನಿಮ್ಮಂಥ ಅನುಭವಸ್ಥರು ಮಾಡಿಕೊಡಬೇಕು ಎಂದಾಗ ಹಿರಿ ಹಿರಿ ಹಿಗ್ಗಿದೆ. ನನ್ನ ಹೆಂಡತಿ ಮಾಲವ್ವ ಆವತ್ತೇ ಹೇಳಿದಳು: "ಊರ ಉಸಾಬರಿ ನಿಮಗ್ಯಾಕ್ರಿ? ಅವರು ಹಾರಾ ಹಾಕಿ ಫೋಟೋ ಹೊಡಕೊಂಡು ಹೋಗತಾರ. ಮಂದಿ ಬಂದು ಬಾಗಲಾ ಬಡಿಯೂದು ನಮ್ಮದು." ಆಕೆಯ ಮಾತು ಕೇಳಿದ್ದರೆ ಈ ಪತ್ರ ಬರೆಯುವ ಪ್ರಮೇಯ ಬರುತ್ತಿರಲಿಲ್ಲ.

ಓದುವವರಲ್ಲಿ ಬಯಲುಸೀಮೆಯವರೂ ಇರುತ್ತಾರೆ, ಅವರಿಗಾಗಿ ಎರಡು ಮಾತು. ಉಪ್ಪಾಗೆ ಎಂದರೆ ನಮ್ಮ ಘಟ್ಟದ ಕಾಡಿನಲ್ಲಿ ಬೆಳೆಯುವ ಹುಳಿ ಹಣ್ಣು. ಚಿಕ್ಕ ಕುಂಬಳಕಾಯಿಯ ಹಾಗೆ ಮೈಮೇಲೆ ಗೆರೆ ಇರುತ್ತದೆ, ಮಾಗಿದಾಗ ಹಳದಿಯಾಗುತ್ತದೆ. ಮಾಗುವುದು ಸರಿಯಾಗಿ ಮಳೆಗಾಲದಲ್ಲಿ, ಬಿಸಿಲಿನ ಮುಖ ಕಾಣದ ದಿನಗಳಲ್ಲಿ. ಆದ್ದರಿಂದ ಸಿಪ್ಪೆಯನ್ನು ಅಟ್ಟದ ಮೇಲೆ ಹರವಿ, ಕೆಳಗೆ ಬೆಂಕಿ ಹಾಕಿ, ಕಪ್ಪಗಾಗುವವರೆಗೆ ಹೊಗೆಯಲ್ಲಿ ಒಣಗಿಸಬೇಕು. ಹಿಂದೆ ಇದು ಸಾರಿಗೆ ಹುಳಿ, ಕರಾವಳಿಯವರಿಗೆ ಮೀನಿನ ಸಾರಿಗೆ ಹುಳಿ. ಈಗ ಕೆಲವು ವರ್ಷಗಳಿಂದ ಇದರ ಸತ್ವ ತೆಗೆದು ಗುಳಿಗೆ ಮಾಡಿ ಹೊರದೇಶಕ್ಕೆ ಕಳಿಸುತ್ತಾರೆ. ಅದನ್ನು ನುಂಗಿದರೆ ಅಲ್ಲಿಯವರ ಹೊಟ್ಟೆ ಕರಗುತ್ತದಂತೆ. ಇದನ್ನು ನಿಮ್ಮ ತರಬೇತಿಯಲ್ಲಿ ಕೇಳಿಕೊಂಡು ಬಂದ ಜಮುನಾಬಾಯಿ ತನ್ನ ಗಂಡನ ಹೊಟ್ಟೆಯ ಕಡೆ ನೋಡಿ, "ನಮ್ಮನ್ಯಾಗ ಕರಗಾಕ ಏನೈತ್ರಿ?" ಎಂದು ನಕ್ಕಿದ್ದಳು. ಆ ಗಂಡನೇ ಈ ಪತ್ರದ ಹೀರಪ್ಪ.

ಅವರ ಕೇರಿ ಇರುವುದು ಹಳಿಯಾಳ ತಾಲೂಕು ಮುಗಿದು ಜೋಯಿಡಾ ಶುರುವಾಗುವ ಗುಡ್ಡಗಳ ನಡುವೆ. ತುಂಡು ಗದ್ದೆ, ಬೇರೆಯವರ ಹೊಲದಲ್ಲಿ ಕೂಲಿ, ಮಳೆಗಾಲದಲ್ಲಿ ಉಪ್ಪಾಗೆ, ಇಷ್ಟರಲ್ಲಿ ವರ್ಷ ಕಳೆಯುವ ಜನ. ಅಲ್ಲಿಗೆ ನಿಮ್ಮ ಯೋಜನೆ ಬಂತು. ಉದ್ಘಾಟನೆಯ ಬ್ಯಾನರಿನ ಮೇಲೆ ಮೂರು ಕೈಗಳು ಒಂದನ್ನೊಂದು ಹಿಡಿದ ಚಿತ್ರವಿತ್ತು: ವಿಜ್ಞಾನಿಯದು ಒಂದು, ಕಂಪನಿಯದು ಒಂದು, ಗ್ರಾಮಸ್ಥರದು ಒಂದು. ಸಮಾರಂಭದ ಮೇಲೆ ಅತಿಥಿಗಳಿಗೆ ಮೌಳಂಗಿಯಲ್ಲಿ ಹೊಳೆಯ ದಂಡೆಗೆ ಊಟ, ಕೇರಿಯ ಹೆಣ್ಣುಮಕ್ಕಳಿಗೆ ಸಭಾಭವನದ ಹಿಂದೆ ಉಪ್ಪಿಟ್ಟು. ಇದನ್ನು ದೂರೆಂದು ಹೇಳುತ್ತಿಲ್ಲ, ಉಪ್ಪಿಟ್ಟು ಚೆನ್ನಾಗಿತ್ತು. ಕಾಡಿನ ಹಣ್ಣು ಕಾಡಿನವರೇ ಕೊಯ್ಯಬೇಕು, ಅಲ್ಲೇ ಒಣಗಬೇಕು, ನಡುವಿನ ದಲಾಲರಿಲ್ಲದೆ ಕಂಪನಿಗೆ ಹೋಗಬೇಕು, ಮರವೂ ಉಳಿಯಬೇಕು ಎಂದು ನೀವು ಅಂದು ಹೇಳಿದ್ದಿರಿ. ಆ ಮಾತಿನಲ್ಲಿ ಒಂದಕ್ಷರ ತಪ್ಪಿರಲಿಲ್ಲ. ನಾನು ಚಪ್ಪಾಳೆ ಹೊಡೆದೆ, ಈಗಲೂ ಹೊಡೆಯುತ್ತೇನೆ.

ಸ್ವಾವಲಂಬನೆ ಕಲಿಯಲೆಂದು ಹೆಣ್ಣುಮಕ್ಕಳನ್ನು ಟೆಂಪೊದಲ್ಲಿ ಮುಂಡಗೋಡದ ಟಿಬೆಟನ್ ಕಾಲೊನಿಗೂ ಕರೆದೊಯ್ದಿರಿ. ಗೋವಿನಜೋಳದ ಹೊಲ, ಜಮಖಾನೆ ನೇಯುವ ಮಗ್ಗ, ಸೊಸೈಟಿ ಎಲ್ಲ ತೋರಿಸಿದಿರಿ. ನೋಡಿ, ಎಲ್ಲಿಂದಲೋ ಬಂದವರು ಹೇಗೆ ಬೆಳೆದರು, ನೀವೇಕೆ ಬೆಳೆಯಲಿಲ್ಲ ಎಂದು ನಿಮ್ಮ ಸಿಬ್ಬಂದಿ ಕೇಳಿದರಂತೆ. ಮಹಿಳಾ ಸಂಘದ ಅಧ್ಯಕ್ಷೆಯಾಗಿದ್ದ ಜಮುನಾಬಾಯಿ ಮರಳಿ ಬಂದು ನನ್ನೆದುರು ಆಡಿದ ಮಾತು ಇದು: "ಆ ಮಂದಿ ಭಾಳ ದುಡಿತಾರ್ರಿ ಅಣ್ಣಾರ, ಖರೇನ. ಆದ್ರ ಅವರಿಗೆ ಜಮೀನು ಕೊಟ್ಟವ್ರು ಮತ್ತ ಕಸಗೊಳ್ಳಾಕ ಬಂದಿಲ್ಲ ನೋಡ್ರಿ. ನಮಗೂ ಒಂದ್ ಸಲ ಕೊಟ್ಟು ಸುಮ್ನ ಬಿಟ್ಟು ನೋಡ್ಲಿ." ಆಗ ಇದು ಆಕೆಯ ಸಂಶಯದ ಸ್ವಭಾವ ಎಂದುಕೊಂಡೆ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಆ ಕೇರಿಯಲ್ಲಿ ಒಂದು ಪದ್ಧತಿ ಇದೆ. ಮಿರಗದ ಮಳೆ, ಅಂದರೆ ಜೂನಿನ ಮೊದಲ ಮಳೆ, ಬೀಳುವ ಮುಂಚೆ ಪ್ರತಿ ಮನೆಯವರೂ ಕಾಡಿಗೆ ಹೋಗಿ ತಮಗೆ ಬೇಕಾದ ಉಪ್ಪಾಗೆ ಮರದ ಬುಡಕ್ಕೆ ಹಸಿ ಬಳ್ಳಿ ಸುತ್ತಿ ಗಂಟು ಹಾಕುತ್ತಾರೆ. ಅದಕ್ಕೆ ಖೂನ ಎನ್ನುತ್ತಾರೆ, ಅಂದರೆ ಗುರುತು. ಒಬ್ಬರು ಖೂನ ಕಟ್ಟಿದ ಮರವನ್ನು ಆ ವರ್ಷ ಇನ್ನೊಬ್ಬರು ಮುಟ್ಟುವುದಿಲ್ಲ. ಕೆಳಗೆ ಉದುರಿದ ಹಣ್ಣನ್ನೂ ಹೆಕ್ಕುವುದಿಲ್ಲ. ಕಟ್ಟಿದವರು ಬರದೆ ಹಣ್ಣು ಕೊಳೆತು ಹೋದರೂ ಹೆಕ್ಕುವುದಿಲ್ಲ. ದೀಪಾವಳಿಯ ಹೊತ್ತಿಗೆ ಬಳ್ಳಿ ಒಣಗಿ ತಾನೇ ಉದುರುತ್ತದೆ, ಮರ ಮತ್ತೆ ಎಲ್ಲರದಾಗುತ್ತದೆ. ಇದನ್ನು ನೋಡಿಕೊಳ್ಳುವುದಕ್ಕೆ ಗಾರ್ಡು ಇಲ್ಲ, ರಸೀದಿ ಇಲ್ಲ. ಇದೇನು ದೊಡ್ಡ ಜ್ಞಾನ ಎಂದು ನಾನು ಹೇಳುತ್ತಿಲ್ಲ. ಸಿಟಿ ಬಸ್ಸಿನ ಸೀಟಿನ ಮೇಲೆ ಕರವಸ್ತ್ರ ಹಾಕಿ ಜಾಗ ಹಿಡಿಯುವ ಬುದ್ಧಿಯೇ ಇದು. ವ್ಯತ್ಯಾಸ ಏನೆಂದರೆ ಅಲ್ಲಿ ಕರವಸ್ತ್ರ ಎತ್ತಿ ಬಿಸಾಡಿ ಕೂರುವವರಿದ್ದಾರೆ, ಇಲ್ಲಿ ಇರಲಿಲ್ಲ.

ನಿಮ್ಮ ಯೋಜನೆಯ ಸಂಶೋಧಕರು ಬಂದವರೇ ಮಾಡಿದ ಮೊದಲ ಕೆಲಸ ಮರಗಳ ಸರ್ವೆ. ಹೆಚ್ಚು ಹಣ್ಣು ಬಿಡುವ ಒಳ್ಳೊಳ್ಳೆಯ ಮರಗಳನ್ನು ಹುಡುಕಿ, ಒಂದೊಂದಕ್ಕೂ ನಂಬರು ಕೊರೆದ ತಗಡಿನ ಬಿಲ್ಲೆಯನ್ನು ಮೊಳೆ ಹೊಡೆದು ಕೂರಿಸಿದರು. ಅವರ ಉದ್ದೇಶ ಒಳ್ಳೆಯದೇ ಇತ್ತು. ಆ ಮರಗಳ ಹಣ್ಣನ್ನು ಕೇರಿಯವರು ಕೊಯ್ದು ತರಬೇಕು, ಯಾವ ಮರದಿಂದ ಎಷ್ಟು ಬಂತೆಂದು ತೂಗಬೇಕು, ಎಷ್ಟು ಕೊಯ್ದರೆ ಮರಕ್ಕೆ ಪೆಟ್ಟಿಲ್ಲ ಎಂದು ಲೆಕ್ಕ ಹಾಕಬೇಕು. ಇದೆಲ್ಲ ಇಂಗ್ಲಿಷಿನಲ್ಲಿ ಸ್ಲೈಡಿನ ಮೇಲೆ ಬರೆದಿತ್ತು. ಕೇರಿಯವರಿಗೆ ಕಂಡದ್ದು ತಗಡು. ಯಾರೋ ದೂರದಿಂದ ಬಂದವರು ತಮ್ಮ ಖೂನ ಹಾಕಿಹೋಗಿದ್ದಾರೆ ಎಂದುಕೊಂಡರು. ಅತಿಥಿಗಳು ಹಾಕಿದ ಖೂನ, ಇರಲಿ ಎಂದು ಆ ಮರಗಳನ್ನು ಬಿಟ್ಟುಕೊಟ್ಟರು. ತಮ್ಮ ಅಪ್ಪ ಅಜ್ಜಂದಿರು ಹತ್ತಿದ ಮರಗಳನ್ನು ಕೂಡ ಬಿಟ್ಟುಕೊಟ್ಟು, ಗುಡ್ಡದ ಮೇಲೆ ಉಳಿದಿದ್ದ ಸಣ್ಣಪುಟ್ಟ ಮರಗಳಿಗೆ ಬಳ್ಳಿ ಕಟ್ಟಿದರು. ಇಂಥ ತಪ್ಪನ್ನು ನೀವು ಮಾಡುತ್ತಿರಲಿಲ್ಲ, ನಾನೂ ಮಾಡುತ್ತಿರಲಿಲ್ಲ. ನಾಲ್ಕು ಜನ ಓಡಾಡುವ ಊರಲ್ಲಿ ಬೆಳೆದ ಯಾರೂ ಮಾಡುವುದಿಲ್ಲ.

ಮೊದಲ ಮಳೆಗಾಲ ಬಂತು. ಹಳೆ ಡ್ರಮ್ಮು, ಪೈಪು ಸೇರಿಸಿ ನಾನು ಮಾಡಿದ ಒಲೆ ಚೆನ್ನಾಗಿಯೇ ಉರಿಯಿತು. ಹೊಗೆ ಹೊರಗೆ, ಬಿಸಿಗಾಳಿ ಒಳಗೆ, ಕಟ್ಟಿಗೆ ಅರ್ಧಕ್ಕಿಂತ ಕಡಿಮೆ. ಆದರೆ ಒಣಗಿಸಲು ಹಣ್ಣೇ ಬರಲಿಲ್ಲ. ಹೆಂಗಸರು ನೆನೆದು ನಡುಗುತ್ತ ಎಲ್ಲಿಂದಲೋ ಅರ್ಧ ಬುಟ್ಟಿ ಹೊತ್ತು ತರುತ್ತಿದ್ದರು. ಕಂಪನಿಯವರು ಲಾರಿ ಕಳಿಸಿ, ಲಾರಿ ಅರ್ಧ ಖಾಲಿ ಹೋಗುವುದನ್ನು ನೋಡಿ ಮುಖ ಸಿಂಡರಿಸಿದರು. ಎರಡನೆಯ ವರ್ಷವೂ ಅದೇ ಕಥೆ. ಬಳ್ಳಿಯಾದರೆ ಒಣಗಿ ಉದುರುತ್ತದೆ, ತಗಡು ಉದುರುವುದಿಲ್ಲ. ಹಾಕಿದವರ ಹಕ್ಕು ಇನ್ನೂ ಮುಗಿದಿಲ್ಲ ಎಂದು ಜನ ಕಾದರು. ಸಂಶೋಧಕರು ಆ ವರ್ಷ ಇನ್ನಷ್ಟು ಮರಗಳಿಗೆ ತಗಡು ಹೊಡೆದರು, ಕೇರಿಯವರು ಇನ್ನಷ್ಟು ಮರಗಳನ್ನು ಬಿಟ್ಟರು. ಗುರುತು ಮಾಡಿದ ಮರಗಳ ಕೆಳಗೆ ಹಣ್ಣು ರಾಶಿ ಬಿದ್ದು ಕೊಳೆಯುತ್ತಿದ್ದಾಗ ನಿಮ್ಮವರು ಅದರ ಫೋಟೋ ತೆಗೆದರು. ಯಾಕೆ ಹೆಕ್ಕಿಲ್ಲ ಎಂದು ಒಬ್ಬರಾದರೂ ಕೇಳಿದರೇ? ಕೋಳಿಯನ್ನು ಕೇಳಿ ಯಾರಾದರೂ ಮಸಾಲೆ ಅರೆಯುತ್ತಾರೆಯೇ ಎನ್ನುವಿರಾದರೆ, ಬ್ಯಾನರಿನ ಮೇಲಿನ ಆ ಮೂರನೆಯ ಕೈ ಯಾರದು ಎಂದು ನಾನು ಕೇಳಬೇಕಾಗುತ್ತದೆ.

ಕೇಳುವ ಬದಲು ನೀವು ವರದಿ ಬರೆದಿರಿ. ಅದರ ಕನ್ನಡ ಸಾರಾಂಶವನ್ನು ಪಂಚಾಯ್ತಿಯ ಬೋರ್ಡಿಗೆ ಹಚ್ಚಿದ್ದಿರಿ, ಆದ್ದರಿಂದ ಎಲ್ಲರೂ ಓದಿದ್ದಾರೆ. ಸ್ಥಳೀಯ ಸಮುದಾಯದಲ್ಲಿ ಉದ್ಯಮಶೀಲತೆಯ ತೀವ್ರ ಕೊರತೆಯಿದೆ, ಗುರುತಿಸಿದ ಮರಗಳಿಂದ ಕೊಯ್ಲು ಮಾಡುವ ಆಸಕ್ತಿಯನ್ನು ಅವರು ತೋರಿಸಿಲ್ಲ, ಆದ ಕಾರಣ ಸಂಗ್ರಹದ ಪರವಾನಗಿಯನ್ನು ಸಂಘದಿಂದ ಹಿಂಪಡೆದು ಟೆಂಡರು ಮೂಲಕ ಸಮರ್ಥರಿಗೆ ವಹಿಸಬಹುದು. ಎಂಥ ಸೊಗಸಾದ ಕನ್ನಡ! ಆಸೆಬುರುಕರಲ್ಲ ಎನ್ನುವುದಕ್ಕೆ ಉದ್ಯಮಶೀಲತೆಯ ಕೊರತೆ ಎನ್ನಬೇಕೆಂದು ನನಗೆ ಆವರೆಗೆ ಗೊತ್ತಿರಲಿಲ್ಲ. ಇಡೀ ಮಳೆಗಾಲ ಬೆನ್ನಿಗೆ ಬುಟ್ಟಿ ಕಟ್ಟಿಕೊಂಡು ಗುಡ್ಡ ಹತ್ತಿದ ಹೆಂಗಸರಿಗೆ ಆಸಕ್ತಿ ಇರಲಿಲ್ಲ, ಜೀಪಿನಿಂದ ಇಳಿಯದೆ ಫೋಟೋ ತೆಗೆದವರಿಗೆ ಇತ್ತು.

ನಿಜ ಏನೆಂದು ನನಗೆ ತಿಳಿದದ್ದು ಟೆಂಡರು ಕರೆಯುವ ಮೊದಲೇ. ಇದು ಆಕಸ್ಮಿಕವಾಗಿ ಆದದ್ದು. ಒಲೆಯ ಪೈಪು ಸರಿಮಾಡಲು ಹೋಗಿದ್ದೆ. ಹೀರಪ್ಪ, ಜಮುನಾಬಾಯಿಯ ಜೊತೆ ಕಾಡಿನ ದಾರಿಯಲ್ಲಿ ಬರುತ್ತಿದ್ದೆ. ದಾರಿಯ ಪಕ್ಕದಲ್ಲೇ ಹಳದಿ ಹಣ್ಣು ಜೋತುಬಿದ್ದ ಮರ, ಬುಡದಲ್ಲಿ ಹಾಸಿಗೆಯಂತೆ ಹಣ್ಣು. ಅವರಿಬ್ಬರೂ ಅದರ ಕಡೆ ನೋಡದೆ ದಾಟಿ ಹೊರಟರು. ನನಗೆ ಸಿಟ್ಟು ಬಂತು. "ಅಲ್ಲೋ ಹೀರಪ್ಪಾ, ಕಣ್ಣು ಕಾಣಸ್ತಾವೋ ಇಲ್ಲೋ? ನನ್ನ ಒಲಿ ಖಾಲಿ ಉರಿಯಾಕತ್ತೈತಿ, ಇಲ್ಲಿ ಹಣ್ಣು ಕೊಳಿಯಾಕತ್ತಾವ!" ಎಂದು ಗದರಿದೆ.

ಹೀರಪ್ಪ ನನ್ನನ್ನೇ ಪೆದ್ದನ ಹಾಗೆ ನೋಡಿದ. "ಅದಕ್ಕ ಖೂನ ಐತೆಲ್ರಿ ಫಿಟರಣ್ಣಾ," ಎಂದ.

"ಎಲ್ಲೈತಿ ಬಳ್ಳಿ?"

"ಬಳ್ಳಿ ಅಲ್ರಿ, ತಗಡ ಬಡದಾರಲ್ಲ. ಅವರು ಬಂದು ಹರಕೋತಾರ. ಮಂದಿ ಗಿಡಾ ಹೆಂಗ ಮುಟ್ಟೂದ್ರೀ?"

ಜಮುನಾಬಾಯಿ ದನಿ ತಗ್ಗಿಸಿ ಸೇರಿಸಿದಳು: "ಎರಡು ವರ್ಷ ಆತ್ರಿ, ಬರಲೇ ಇಲ್ಲ ಅವರು. ದೊಡ್ಡ ಮಂದಿ, ಕೆಲಸಾ ಭಾಳ ಇರ್ತಾವ. ಬರ್ರಿ, ನಿಮ್ಮ ಹಣ್ಣು ಹಾಳಾಗಾಕತ್ತಾವ ಅಂತ ಹೇಳಿ ಕಳಸೂಣು ಅಂದ್ರ, ನೀವರ ಹೇಳ್ರಿ ಅಣ್ಣಾರ."

ನನಗೆ ಮೊದಲು ನಗು ಬಂತು. ಆಮೇಲೆ ಅದೇ ಬುಡದಲ್ಲಿ ಕೂತುಬಿಟ್ಟೆ. ಈ ತಗಡು ನಿಮಗಾಗಿಯೇ ಹೊಡೆದದ್ದು, ಹಣ್ಣು ನಿಮ್ಮದೇ ಎಂದು ವಿವರಿಸಿ ಹೇಳಿದಾಗ ಹೀರಪ್ಪ ನಂಬಲಿಲ್ಲ. ನಮ್ಮ ಸಲುವಾಗಿ ಆಗಿದ್ದರೆ ನಮಗೇ ಕಟ್ಟಲು ಹೇಳುತ್ತಿದ್ದರು, ಅವರೇಕೆ ಮೊಳೆ ಬಡಿಯುತ್ತಿದ್ದರು ಎಂದು ವಾದಿಸಿದ. ಅವನ ಮೊಂಡತನದ ಮುಂದೆ ನನ್ನದು ಏನೂ ನಡೆಯಲಿಲ್ಲ. ಮರಗಳ ಒಡೆಯರು ಬಂದು ಬಾಯಿಬಿಟ್ಟು ಹೇಳಲಿ, ಅಲ್ಲಿಯವರೆಗೆ ಮುಟ್ಟುವುದಿಲ್ಲ ಎಂದ. ಕೇರಿಯವರೆಲ್ಲ ಅದೇ ಮಾತಿಗೆ ಬಂದರು.

ಆದ್ದರಿಂದ ನಾನು ನಿಮ್ಮ ಬಳಿ ಬಂದೆ. ಮಾನ್ಯರೇ, ಆ ದಿನದ ಮಾತು ನಿಮಗೆ ನೆನಪಿದೆ, ಇಲ್ಲವೆನ್ನಬೇಡಿ. ನೀವು ಕನ್ನಡಕ ತೆಗೆದಿಟ್ಟು ಪೂರಾ ಕೇಳಿದಿರಿ, ನಡುವೆ ನಕ್ಕಿರಿ ಕೂಡ. "ತಮಾಷೆಯಾಗಿದೆ," ಎಂದಿರಿ. ಒಮ್ಮೆ ಬಂದು ಹೇಳಿ ಸಾಹೇಬರೇ, ಒಂದು ಮಾತು, ಜನ ನಾಳೆಯೇ ಮರ ಹತ್ತುತ್ತಾರೆ ಎಂದು ನಾನು ಬೇಡಿಕೊಂಡೆ. "ಈಗ ಟೆಂಡರಿನ ಪ್ರಕ್ರಿಯೆ ಶುರುವಾಗಿದೆ. ಅವರು ಮೊದಲೇ ಕೇಳಬೇಕಿತ್ತು," ಎಂದಿರಿ. ಯಾರು, ಮಾನ್ಯರೇ? ಮನೆಗೆ ಬಂದ ನೆಂಟ ಪಡಸಾಲೆಯಲ್ಲಿ ತನ್ನ ಟ್ರಂಕು ಇಟ್ಟರೆ, ಈ ಟ್ರಂಕು ನಮಗೋ ಎಂದು ಮನೆಯವರು ಕೇಳಬೇಕೇ, ಅಥವಾ ಇದು ನಿಮಗೆ ತಂದ ಉಡುಗೊರೆ ಎಂದು ನೆಂಟ ಹೇಳಬೇಕೇ? ಒಂದು ಜೀಪು, ಒಂದು ಮಧ್ಯಾಹ್ನ, ಒಂದು ಮಾತು ಸಾಕಿತ್ತು. ಅದನ್ನು ಮಾಡಿದ್ದರೆ ನಿಮ್ಮ ವರದಿ ತಪ್ಪೆಂದು ನೀವೇ ಒಪ್ಪಿಕೊಂಡಂತೆ ಆಗುತ್ತಿತ್ತು. ಅಷ್ಟೇ ನಿಮಗಿದ್ದ ಕಷ್ಟ ಎಂದು ನಾನು ಈಗಲೂ ನಂಬಿದ್ದೇನೆ.

ಟೆಂಡರು ಆಯಿತು. ಸಮರ್ಥರು ಬಂದರು. ಹೊರಗಿನ ಗುತ್ತಿಗೆದಾರ, ಲಾರಿಯಲ್ಲಿ ತಂದ ಆಳುಗಳು, ಕೊಡಲಿ. ಹಣ್ಣು ಮಾಗುವುದಕ್ಕೆ ಅವರಿಗೆ ಪುರುಸೊತ್ತಿರಲಿಲ್ಲ, ಮರ ಹತ್ತುವುದಕ್ಕೂ ಇರಲಿಲ್ಲ. ಟೊಂಗೆಗಳನ್ನೇ ಕಡಿದು ಕೆಡವಿ, ನೆಲದ ಮೇಲೆ ಕೂತು ಹಸಿ ಕಾಯಿ ಹರಿದುಕೊಂಡರು. ಒಣಗಿಸಲು ನನ್ನ ಒಲೆ ನಿಧಾನವಂತೆ. ಅದಕ್ಕೆ ಬೀಗ ಹಾಕಿ, ಬಯಲಲ್ಲಿ ಗುಂಡಿ ತೋಡಿ, ಕಡಿದ ಟೊಂಗೆಗಳನ್ನೇ ಸುಟ್ಟರು. ನಿಮ್ಮ ತಗಡಿನ ಬಿಲ್ಲೆಗಳು ಬೋಳು ಮರಗಳ ಮೇಲೆ ಹಾಗೆಯೇ ಇವೆ, ನಂಬರು ಸ್ಪಷ್ಟವಾಗಿ ಓದಬಹುದು. ಈ ಗುತ್ತಿಗೆದಾರನ ಉದ್ಯಮಶೀಲತೆಯ ಬಗ್ಗೆ ನಿಮ್ಮ ಕಚೇರಿಗೆ ಯಾವ ದೂರೂ ಇದ್ದಂತಿಲ್ಲ.

ಕೇರಿಯವರು ಗುತ್ತಿಗೆಯವರ ತಂಟೆಗೆ ಹೋಗಲಿಲ್ಲ. ತಗಡಿನ ಮರಗಳ ಒಡೆಯರು ಅಂತೂ ಬಂದರು ಎಂದುಕೊಂಡರು. ಹೀರಪ್ಪ ಮಾತ್ರ ಎಂದಿನಂತೆ ಮಿರಗಕ್ಕೆ ಮುಂಚೆ ಗುಡ್ಡ ಹತ್ತಿ, ತಗಡಿಲ್ಲದ ತನ್ನ ಹಳೆಯ ಮರಕ್ಕೆ ಬಳ್ಳಿ ಕಟ್ಟಿ ಬಂದ. ಹಣ್ಣು ಮಾಗಿದಾಗ ಎರಡು ಬುಟ್ಟಿ ಹರಿದು ಕಾವಡಿಯಲ್ಲಿ ಹೊತ್ತು ಹಾಡುಹಗಲಲ್ಲಿ ರಸ್ತೆಗೆ ಇಳಿದ. ಟೆಂಡರಿನ ಕಾಗದದಲ್ಲಿ ಆ ಗುಡ್ಡದ ಪ್ರತಿಯೊಂದು ಉಪ್ಪಾಗೆ ಮರವೂ ಗುತ್ತಿಗೆದಾರನದು ಎಂದು ಬರೆದಿದೆ ಎಂದು ಅವನಿಗೆ ಯಾರೂ ಹೇಳಿರಲಿಲ್ಲ. ರಸ್ತೆಯಲ್ಲಿ ನಿಮ್ಮ ಜೀಪು ನಿಂತಿತ್ತು. ಹೀರಪ್ಪ ಕಾವಡಿ ಕೆಳಗಿಟ್ಟು, ನಿಮ್ಮ ಸಿಬ್ಬಂದಿಗೆ ನಮಸ್ಕಾರ ಮಾಡಿ, ತಿನ್ನಲು ನಾಲ್ಕು ಹಣ್ಣು ಆರಿಸಿ ಕೊಟ್ಟ. ಆ ಹಣ್ಣನ್ನೂ ಸೇರಿಸಿಯೇ ಜಪ್ತಿ ಮಾಡಿದರು.

ಸ್ವಲ್ಪ ಯೋಚಿಸಿ ನೋಡಿ. ಕದಿಯುವ ಮನುಷ್ಯ ದಾರಿಯ ಪಕ್ಕದ ತಗಡಿನ ಮರ ಬಿಟ್ಟು, ಜಿಗಣೆ ಕಚ್ಚಿಸಿಕೊಂಡು ಗುಡ್ಡದ ನೆತ್ತಿಗೆ ಹೋಗುತ್ತಾನೆಯೇ? ತಾನು ಮುಟ್ಟುವ ಮರಕ್ಕೆ ಎರಡು ತಿಂಗಳು ಮೊದಲೇ ಎಲ್ಲರಿಗೂ ಕಾಣುವಂತೆ ಗುರುತು ಕಟ್ಟುತ್ತಾನೆಯೇ? ಕದ್ದ ಮಾಲಿನಲ್ಲಿ ಪೊಲೀಸರಿಗೆ ಪಾಲು ಕೊಟ್ಟವರನ್ನು ಕೇಳಿದ್ದೇನೆ, ನಮಸ್ಕಾರ ಮಾಡಿ ಹಣ್ಣು ತಿನ್ನಿಸಿದವರನ್ನು ಕೇಳಿಲ್ಲ. ನಿಮ್ಮ ಪುರಾವೆಯ ಗತಿಯನ್ನೂ ಹೇಳಿಬಿಡುತ್ತೇನೆ. ಆ ಎರಡು ಬುಟ್ಟಿ ನಿಮ್ಮ ಕಚೇರಿಯ ವರಾಂಡದಲ್ಲಿ ಕೊಳೆತು ನಾರಿ, ನಿಮ್ಮ ಜವಾನನೇ ಮೂಗು ಮುಚ್ಚಿಕೊಂಡು ತಿಪ್ಪೆಗೆ ಚೆಲ್ಲಿದ. ಪುರಾವೆ ಹೋಯಿತು, ಕಳ್ಳ ಉಳಿದ.

ಹಳಿಯಾಳದ ಕೋರ್ಟಿನಲ್ಲಿ ವಕೀಲರು ಒಳ್ಳೆಯವರೇ ಸಿಕ್ಕರು. ಅವರು ಲೋಕಾರೂಢಿಯ ಸಲಹೆ ಕೊಟ್ಟರು: ತಪ್ಪಾಯಿತು ಎಂದು ಒಪ್ಪಿಕೊಂಡುಬಿಡು, ಸಣ್ಣ ದಂಡ ಹಾಕಿ ಬಿಡುತ್ತಾರೆ, ಪ್ರತಿ ತಾರೀಖಿಗೂ ಕೂಲಿ ಕಳೆದುಕೊಂಡು ಅಲೆಯುವುದು ತಪ್ಪುತ್ತದೆ. ನಾನೂ ಅದನ್ನೇ ಹೇಳಿದೆ, ದಂಡ ನಾನು ಕಟ್ಟುತ್ತೇನೆ ಎಂದೆ. ಹೀರಪ್ಪ ಕೋರ್ಟಿನ ಬೇವಿನ ಮರದ ಕೆಳಗೆ ಚಪ್ಪಲಿ ಬಿಟ್ಟು ಕೂತಿದ್ದ. "ದಂಡಾ ಬೇಕಾದ್ರ ಎರಡ ಪಟ್ಟ ಕಟ್ತೇನ್ರಿ ಫಿಟರಣ್ಣಾ, ಎಮ್ಮಿ ಮಾರಿ ಕಟ್ತೇನಿ. ಆದ್ರ ಕದ್ದೇನಿ ಅಂತ ನನ್ನ ಬಾಯಿಲೆ ಅನ್ನೂದಿಲ್ರಿ," ಎಂದ. "ಒಮ್ಮೆ ಅಂದ್ನೆಪಾ ಅಂದ್ರ, ಮುಂದ ನಾ ಕಟ್ಟಿದ್ದ ಖೂನಕ್ಕ ಯಾರು ಕಿಮ್ಮತ್ತು ಕೊಡ್ತಾರ್ರಿ? ಕಳ್ಳನ ಗುರ್ತಿಗೆ ಕಿಮ್ಮತ್ತು ಇರತೈತೇನ್ರಿ?" ವಕೀಲರು ಮುಂದಿನ ತಾರೀಖು ಬರೆದುಕೊಂಡರು. ಪಕ್ಕದಲ್ಲಿ ಕೂತಿದ್ದ ಜಮುನಾಬಾಯಿ ಸೆರಗಿನಿಂದ ಕಣ್ಣು ಒರೆಸಿಕೊಂಡಳು.

ಇಷ್ಟೇ ಆಗಿದ್ದರೆ ಕೋರ್ಟು ನೋಡಿಕೊಳ್ಳುತ್ತದೆ ಎಂದು ನಾನು ಕಾಯುತ್ತಿದ್ದೆ. ಈ ಪತ್ರ ಬರೆಯಲು ಕೂತದ್ದು ಹೋದ ವಾರ ಆ ಕೇರಿಯಲ್ಲಿ ಕಣ್ಣಾರೆ ಕಂಡದ್ದರಿಂದ. ಈ ವರ್ಷವೂ ಹೀರಪ್ಪ ಎಲ್ಲರೂ ಬೇಡವೆಂದರೂ ಕೇಳದೆ ತನ್ನ ಮರಕ್ಕೆ ಬಳ್ಳಿ ಕಟ್ಟಿದ್ದ. ಹಣ್ಣು ಹರಿಯುವುದಿಲ್ಲ, ಕೇಸು ಮುಗಿಯಲಿ, ಮರ ನನ್ನದೆಂದು ಇರಲಿ ಎಂದಿದ್ದ. ನಾನು ಹೋದ ದಿನ ಅವನು ಮರ ನೋಡಿ ಬರಲು ಹೊರಟಿದ್ದ, ಜೊತೆಗೆ ಹೋದೆ. ಬಳ್ಳಿಯನ್ನು ಕೊಯ್ದು ಎಸೆದಿದ್ದರು. ಒಂದು ದೊಡ್ಡ ಟೊಂಗೆ ನೆಲಕ್ಕೆ ಬಿದ್ದಿತ್ತು. ಇನ್ನೂ ಹಸಿರಾಗಿದ್ದ ಕಾಯಿಗಳನ್ನು ಚೀಲಕ್ಕೆ ತುಂಬುತ್ತಿದ್ದವರು ಗುತ್ತಿಗೆದಾರನ ಆಳುಗಳಲ್ಲ. ಅದೇ ಕೇರಿಯ ಅಜಯ ಮತ್ತು ಕುಬೇರ. ಅಜಯ ಹೀರಪ್ಪನ ಅಣ್ಣನ ಮಗ, ಆ ಮರಕ್ಕೆ ಬಳ್ಳಿ ಸುತ್ತುವುದನ್ನು ಹೀರಪ್ಪನೇ ಅವನಿಗೆ ಕಲಿಸಿದ್ದ.

ಓಡಿಹೋಗುತ್ತಾರೆ ಎಂದುಕೊಂಡೆ. ಓಡಲಿಲ್ಲ. "ಖೂನ ಕಾಣಲಿಲ್ಲೇನೋ?" ಎಂದು ಹೀರಪ್ಪ ಮೆಲ್ಲಗೆ ಕೇಳಿದ.

"ಕಂಡಿತ್ತು ಕಾಕಾ," ಎಂದ ಅಜಯ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ, ನಾಚಿಕೆಯೂ ಇರಲಿಲ್ಲ. "ಗುರ್ತಿನ ಗಿಡಾ ಬಿಟ್ಟವ್ರು ಅಡ್ನಾಡಿಗೋಳು ಅಂತ ಸರಕಾರನ ಪಂಚಾಯ್ತಿ ಬೋರ್ಡಿಗೆ ಬರದ ಹಚ್ಚೇತಿ. ನೀ ಬಿಟ್ಟಿ, ಏನ್ ಸಿಕ್ತು? ಕೋರ್ಟಿಗೆ ಅಡ್ಡ್ಯಾಡಾಕತ್ತಿ. ನಾವು ಹರದರೂ ಕಳ್ರ, ಬಿಟ್ಟರೂ ದಡ್ರ. ಗುತ್ತಿಗಿಯವ್ನ ಆಳು ಹಸಿ ಕಾಯಿನೂ ತಗೋತಾರ, ರೊಕ್ಕಾ ಕೈಯಾಗ ಕೊಡ್ತಾರ."

ಹೀರಪ್ಪ ಬೈಯಲಿಲ್ಲ, ಹೊಡೆಯಲಿಲ್ಲ. ಕೋರ್ಟಿನಲ್ಲಿ ಅವನ ತಲೆ ಬಾಗಿದ್ದನ್ನು ನಾನು ಕಂಡಿರಲಿಲ್ಲ, ಅಲ್ಲಿ ಕಂಡೆ. ಚೀಲ ತುಂಬಿ, ಹುಡುಗರು ಹೆಗಲಿಗೇರಿಸಿಕೊಳ್ಳಲು ಒದ್ದಾಡುತ್ತಿದ್ದಾಗ ಅವನೇ ಹೋಗಿ ಒಂದು ಕೈ ಹಚ್ಚಿದ.

ಹಾಗಾಗಿ ಮಾನ್ಯರೇ, ನಿಮಗೆ ಅಭಿನಂದನೆ ಹೇಳಬೇಕು. ನೀವು ಬಯಸಿದ ಉದ್ಯಮಶೀಲತೆ ಕೇರಿಗೆ ಬಂದಿದೆ. ತರಬೇತಿಯಿಂದ, ಟೆಂಪೊ ಪ್ರವಾಸದಿಂದ, ನನ್ನ ಒಲೆಯಿಂದ ಬಾರದೇ ಇದ್ದದ್ದು ನಿಮ್ಮ ಒಂದು ವರದಿ ಮತ್ತು ಒಂದು ಪೊಲೀಸ್ ದೂರಿನಿಂದ ಬಂತು. ಮುಂದಿನ ವರದಿಯಲ್ಲಿ ಇದನ್ನು ಸಾಧನೆಯೆಂದು ಸೇರಿಸಿಕೊಳ್ಳಿ, ಸುಳ್ಳಾಗುವುದಿಲ್ಲ. ಮರ ಕಡಿದರೆ ಚಿಗುರುತ್ತದೆ, ನಿಮ್ಮ ವಿಜ್ಞಾನಿಗಳು ಸಸಿಯನ್ನೂ ನೆಡಬಲ್ಲರು. ಇನ್ನೊಬ್ಬರ ಗುರುತು ಕಂಡರೆ ಕೈ ಹಿಂದಕ್ಕೆ ಎಳೆದುಕೊಳ್ಳುವ ಜನರನ್ನು ಯಾವ ನರ್ಸರಿಯಲ್ಲಿ ಬೆಳೆಸುತ್ತೀರಿ? ಕಾಡು ಉಳಿಸುವ ಯೋಜನೆಗೆ ಬೇಕಾಗಿದ್ದದ್ದು ಅಂಥ ಜನವೇ ಅಲ್ಲವೇ? ಅವರು ನಿಮಗೆ ಪುಕ್ಕಟೆಯಾಗಿ ಸಿಕ್ಕಿದ್ದರು.

ಆದ್ದರಿಂದ ಕೇಳುತ್ತೇನೆ. ಹೀರಪ್ಪನ ಮೇಲಿನ ದೂರನ್ನು ಮುಂದಿನ ತಾರೀಖಿನೊಳಗೆ ಹಿಂದಕ್ಕೆ ತೆಗೆದುಕೊಳ್ಳಿ. ಸಂಗ್ರಹದ ಪರವಾನಗಿ ಸಂಘಕ್ಕೆ ಮರಳಿಸುವ ವಿಚಾರ ಆಮೇಲಿನದು, ಅದಕ್ಕೆ ಬೇಕಾದರೆ ಇನ್ನೊಂದು ಸಮಿತಿ ಮಾಡಿ, ನಾವು ಕಾಯುತ್ತೇವೆ. ದೂರು ಕಾಯುವಂಥದ್ದಲ್ಲ. ಅದನ್ನು ಕಾಗದದ ಮೇಲೆ ಹಿಂಪಡೆದು ಅಂಚೆಯಲ್ಲಿ ಕಳಿಸಿ ಕೈ ತೊಳೆದುಕೊಳ್ಳಬೇಡಿ. ನೀವೇ ಬನ್ನಿ. ಜೀಪಿನಿಂದ ಇಳಿಯಿರಿ. ಹೀರಪ್ಪ ಕದ್ದಿಲ್ಲ, ತಪ್ಪು ನಮ್ಮದು ಎಂದು ಕೇರಿಯ ನಟ್ಟನಡುವೆ ನಿಂತು, ಎಲ್ಲರಿಗೂ ಕೇಳುವ ಹಾಗೆ, ಕನ್ನಡದಲ್ಲಿ ಹೇಳಿ. ಹೀರಪ್ಪನಿಗಾಗಿ ಅಲ್ಲ, ತಾನು ಕಳ್ಳನಲ್ಲವೆಂದು ಅವನಿಗೆ ಗೊತ್ತಿದೆ. ಅಜಯ, ಕುಬೇರರನ್ನು ಮುಂದಿನ ಸಾಲಿನಲ್ಲಿ ಕೂರಿಸಿಕೊಂಡು ಹೇಳಿ. ಬೋರ್ಡಿಗೆ ಹಚ್ಚಿದ ನಿಮ್ಮ ಮಾತನ್ನು ಅವರು ನಂಬಿದ್ದಾರೆ.

ಇಂತಿ,
ಹಾರ ಹಾಕಿಸಿಕೊಂಡು ಹಿಗ್ಗಿದ, ಈಗ ಹೆಂಡತಿಯ ಮುಂದೆ ಮಾತಾಡಲು ಬಾಯಿಲ್ಲದ,
ಬೀಗ ಬಿದ್ದ ಒಲೆಯೊಂದರ ಫಿಟರ್
ಮುದಕಪ್ಪ
ದಾಂಡೇಲಿ, ಜುಲೈ ೨೦೦೩